ಪೋರ್ಕು ಬಗ್ಗುಸೆಡಿ, ಹೇಂಡ್ಲು ಏರುಸಿ

ಸೈಕಲಿನ ಪೋರ್ಕಿನ ಮನೆಲೇ ಬಗ್ಗುಸುದು ಜಾಣತನ ಅಲ್ಲ, ಬಾವ. ಎರಡು ಅಡಕ್ಕೆಮರದ ಎಡೆಲಿ ಸಿಕ್ಕುಸಿ ಎಳವದು ಅಂತೂ ಮಾಡ್ಲೇ ಆಗ.

2006-07ರಿಂದ ಸರಕಾರ ಎಂಟನೇ ಕ್ಲಾಸಿನ ಮಕ್ಕೊಗೆ ಸೈಕಲು ಕೊಟ್ಟತ್ತನ್ನೆ? ಪುತ್ತೂರು, ಸುಳ್ಯ, ಕಡಬಲ್ಲಿ ಹಾಂಗಿಪ್ಪ ಹಳೆ ಸೈಕಲು ಕೊಟ್ಟಗೆಲಿ ಇಪ್ಪ ಮನೆಗೊ ಇದ್ದು. ದೊಡ್ಡ ಮಾಣಿಗೆ ಅದು ಚೆಂದ ಕಾಣ್ತಿಲ್ಲೆ. ಎದುರಾಣ ಚಕ್ರ ರಜ ಮುಂದೆ ಚಾಚಿದರೆ ಗತ್ತು ಬಕ್ಕು ಹೇಳ್ತ ಆಸೆ.

"ಕಂಪೆನಿಯವುದೇ ಬಗ್ಗುಸಿದ್ದವಿಲ್ಲೆಯೋ?" ಹೇಳಿ ಕೇಳುಗು. ಅಪ್ಪು, ಬಗ್ಗುಸಿದ್ದವು. ಆದರೆ ಅಚ್ಚಿಲಿ ಮಡಗಿ, ಎರಡು ಕಾಲುದೇ ಒಂದೇ ಅಳತೆಗೆ ಬಪ್ಪ ಹಾಂಗೆ. ಮನೆಲಿ ಒಂದು ಕಾಲು ಹೆಚ್ಚು ಬಗ್ಗಿದರೆ ಚಕ್ರ ಓರೆ. ಅದರ ಸರಿ ಮಾಡ್ಲೆ ಪುನಾ ಹಿಂದೆ ಬಗ್ಗುಸುದು. ಬೇಲಿಯ ಸರಿಗೆಯ ನಾಲ್ಕು ಸರ್ತಿ ಅತ್ತಿತ್ತ ಬಗ್ಗುಸಿ ನೋಡಿ, ಎಂತಾವುತ್ತು ಹೇಳಿ ಗೊಂತಕ್ಕು. ಸ್ಟೀಲಿನ ಕತೆಯೇ ಹೀಂಗೆ. ಅಲ್ಯುಮಿನಿಯಂ ಆದರೆ ಮುನ್ಸೂಚನೆ ಕೊಡದ್ದೆ ಮುರಿಗು.

ಇನ್ನೊಂದು ಸಂಗತಿ. ಹೇಂಡ್ಲಿನ ಕಂಬದ ಗೆರೆಯ ನೆಲದ ವರೆಗೆ ಎಳದರೆ ಅದು ಚಕ್ರ ನೆಲ ಮುಟ್ಟುವ ಜಾಗೆಂದ ಕೆಲವು ಸೆಂಟಿಮೀಟರು ಎದುರು ಬೀಳ್ತು. ಸೈಕಲು ನೆಟ್ಟಗೆ ಹೋಪಲೆ ಆ ಅಂತರ ಬೇಕು. ಪೋರ್ಕಿನ ಮುಂದೆ ಬಗ್ಗುಸಿದರೆ ಅದು ಕಮ್ಮಿ ಆವುತ್ತು, ಹೇಂಡ್ಲು ನಿಂದಲ್ಲಿ ನಿಲ್ಲುತ್ತಿಲ್ಲೆ. ನಮ್ಮ ಊರಿನ ಮಾರ್ಗ ಒಂದೋ ಏರು, ಅಲ್ಲದ್ರೆ ಇಳಿಜಾರು. ಇಳಿವಗ ಎದುರಾಣ ಬ್ರೇಕು ಹಿಡುದರೆ ಭಾರ ಪೂರ ಬಪ್ಪದು ಅದೇ ಪೋರ್ಕಿಂಗೆ.

ಎನ್ನ ಕೋಪ ಇಪ್ಪದು ಇಲ್ಲಿ: ಬಗ್ಗುಸುವವ° ಒಬ್ಬ°, ಬಿಡುವವು ಬೇರೆಯವು. ಗತ್ತು ಎರಡೇ ದಿನಲ್ಲಿ ಮುಗಿತ್ತು, ಮಾಣಿ ಅಪ್ಪನ ಸ್ಕೂಟರು ಹಿಡಿತ್ತ°. ಮತ್ತೆ ಅದೇ ಸೈಕಲಿಲಿ ತಂಗೆ ಶಾಲೆಗೆ, ಅಪ್ಪ° ಹೇಂಡ್ಲಿಂಗೆ ಕ್ಯಾನು ನೇಲುಸಿ ಹಾಲಿನ ಸೊಸೈಟಿಗೆ. ಒಳ ಬಿರುಕು ಇದ್ದು ಹೇಳಿ ಅವಕ್ಕೆ ಆರೂ ಹೇಳಿರ್ತವಿಲ್ಲೆ.

ಚೆಂದ ಬೇಡ ಹೇಳ್ತಿಲ್ಲೆ ಆನು. ಹೇಂಡ್ಲು ಬದಲುಸಿ, ಗುರ್ತು ಹಾಕಿದ ಗೆರೆ ದಾಂಟದ್ದ ಹಾಂಗೆ ಏರುಸಿ, ಸೀಟು ತಗ್ಗುಸಿ, ಬಣ್ಣ ಬಳಿರಿ. ಬಿದ್ದು ಬಗ್ಗಿದ ಪೋರ್ಕಿನ ಬಡುದು ನೆಟ್ಟಗೆ ಮಾಡೆಡಿ. ಅದರ ಗುಜರಿಗೆ ಹಾಕಿ ಹೊಸತ್ತು ಹಾಕ್ಸಿ. ಸಾದಾ ಸೈಕಲಿಂಗೆ ಕೆಲವು ನೂರು ರುಪಾಯಿಯ ಖರ್ಚು. ಹಲ್ಲು ಕಟ್ಟುಸುಲೆ ಅದರಿಂದ ಹೆಚ್ಚು ಪೈಸೆ ಬೇಕು.