ಹುಡುಗ್ಯಾರು ಹಿಂದ ನಿಂದರ್ರಿ

ಹೆಣ್ಣುಮಕ್ಕಳಿಗೆ ಬೆಂಕಿಯೆಂದರೆ ಹೆದರಿಕೆ ಎಂಬ ಮಾತನ್ನು ಮೊದಲು ಹೇಳಿದವರು ಯಾರೋ ನನಗೆ ತಿಳಿಯದು. ಅವರು ಒಮ್ಮೆಯೂ ಅಡಿಗೆಮನೆಯೊಳಗೆ ಇಣುಕಿ ನೋಡಿರಲಿಕ್ಕಿಲ್ಲ ಎಂಬುದಂತೂ ಖಾತ್ರಿ. ಎಂಟು-ಒಂಬತ್ತು ವರ್ಷಕ್ಕೆಲ್ಲ ಊದುಗೊಳವಿ ಹಿಡಿದು ಒಲೆಯ ಮುಂದೆ ಕೂತವರು ನಾವು. ಹತ್ತಿಕಟ್ಟಿಗೆ ಹೇಗೆ ಉರಿಯುತ್ತದೆ, ಕುಳ್ಳು ಎಷ್ಟು ಹೊತ್ತು ನಿಗಿನಿಗಿ ಇರುತ್ತದೆ, ಜೋಳದ ದಂಟಿನ ಉರಿಯನ್ನು ಏಕೆ ನಂಬಬಾರದು ಎಂಬುದನ್ನೆಲ್ಲ ಯಾವ ಪಾಠವೂ ಇಲ್ಲದೆ ಕಲಿತವರು. ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಿಂದ ತಿರುವಿ ಹಾಕಿದವರು. ಅಂಥ ನಮ್ಮನ್ನು ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಗೇಣುದ್ದದ ಒಂದು ಜ್ವಾಲೆಯ ಮುಂದಿನಿಂದ ಸರಿಸಿ ಗೋಡೆಗೆ ನಿಲ್ಲಿಸಿದರು. "ಹುಡುಗ್ಯಾರು ಹಿಂದ ನಿಂದರ್ರಿ, ಹೆರಳು ಸುಟ್ಟುಕೊಂಡೀರಿ!"

ನಾನು ಮನೋಳಿಯವಳು. ಮಲಪ್ರಭೆಯ ದಂಡೆಯ ಊರು. ಕಾಗದಪತ್ರದಲ್ಲಿ ಮುನವಳ್ಳಿ, ನಮ್ಮ ಬಾಯಲ್ಲಿ ಮನೋಳಿ. (ಮಂಗಳೂರು ಕಡೆಯವರಿಗೆ ಊರ ಹೆಸರು ಹೇಳಿದರೆ ನಗುತ್ತಾರೆ, ತುಳುವಿನಲ್ಲಿ ಮನೋಳಿ ಎಂದರೆ ತೊಂಡೆಕಾಯಿ!) ಹೈಸ್ಕೂಲು ಮುಗಿಸಿ, 1970ರ ದಶಕದ ಕೊನೆಗೆ, ಬಸ್ಸು ಹತ್ತಿ ಬೇರೊಂದು ಊರಿನ ಜೂನಿಯರ್ ಕಾಲೇಜಿಗೆ ವಿಜ್ಞಾನ ಓದಲು ಹೋದೆ. ಕಾಲೇಜಿನ ಹೆಸರು ಇಲ್ಲಿ ಬೇಡ. ಜ್ವಾಲಾ ಪರೀಕ್ಷೆ ನೋಡಿದ್ದು ಅಲ್ಲಿಯೇ. ನೋಡಿದ್ದು ಎಂದರೆ, ಏಳೆಂಟು ಹುಡುಗರ ಭುಜಗಳ ನಡುವಿನ ಸಂದಿನಿಂದ.

ಮರೆತವರಿಗಾಗಿ ಹೇಳುತ್ತೇನೆ. ಹೆಸರು ಗೊತ್ತಿಲ್ಲದ ಒಂದು ಲವಣವನ್ನು ಗಾಜಿನ ಬಿಲ್ಲೆಯ ಮೇಲೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಲಸಬೇಕು. ಚೊಕ್ಕಟ ಮಾಡಿದ ಪ್ಲಾಟಿನಂ ತಂತಿಯ ತುದಿಗೆ ಅದನ್ನು ಹಚ್ಚಿ ಬರ್ನರಿನ ನೀಲಿ ಉರಿಯಲ್ಲಿ ಹಿಡಿಯಬೇಕು. ಉರಿಯ ಬಣ್ಣ ಬದಲಾಗುತ್ತದೆ. ಕಾವಿಗೆ ಲೋಹದ ಪರಮಾಣುವಿನೊಳಗಿನ ಎಲೆಕ್ಟ್ರಾನು ಮೇಲಿನ ಮಟ್ಟಕ್ಕೆ ಜಿಗಿದು, ಮರಳಿ ಇಳಿಯುವಾಗ ತನ್ನದೇ ಬಣ್ಣದ ಬೆಳಕು ಬಿಡುತ್ತದೆ. ಸೋಡಿಯಂ ಬಂಗಾರದ ಹಳದಿ, ಕ್ಯಾಲ್ಸಿಯಂ ಇಟ್ಟಿಗೆ ಕೆಂಪು, ಸ್ಟ್ರಾನ್ಷಿಯಂ ಕಡುಗೆಂಪು, ತಾಮ್ರ ನೀಲಿ ಬೆರೆತ ಹಸಿರು, ಬೇರಿಯಂ 'ಸೇಬು ಹಸಿರು', ಪೊಟ್ಯಾಸಿಯಂ 'ಲೈಲ್ಯಾಕ್'.

ಈ ಸೇಬು ಹಸಿರು ನಮ್ಮನ್ನು ಬಹಳ ಕಾಡಿತು. ನಮ್ಮೂರಿಗೆ ಸೇಬು ಬರುತ್ತಿದ್ದುದೇ ಯಾರಾದರೂ ದವಾಖಾನೆ ಸೇರಿದಾಗ, ಅದೂ ಕೆಂಪಗೆ! ಲೈಲ್ಯಾಕ್ ಹೂವನ್ನು ನಾನು ಇಂದಿಗೂ ಕಂಡಿಲ್ಲ. ಬದನೆ ಹೂವಿನ ಬಣ್ಣ ಎಂದಿದ್ದರೆ ಒಂದೇ ಮಾತಿಗೆ ತಿಳಿಯುತ್ತಿತ್ತು. ಇಳಕಲ್ಲ ಸೀರೆ ಆರಿಸುವಾಗ ನಮ್ಮ ಅವ್ವಂದಿರು ಕೆಂಪಿನಲ್ಲಿಯೇ ಎಷ್ಟು ಕೆಂಪು ಹೇಳುತ್ತಿದ್ದರು, ಹಸಿರಿನಲ್ಲಿ ಎಷ್ಟು ಹಸಿರು! ಆ ಮಾತುಗಳಲ್ಲಿ ಒಂದೂ ಪಠ್ಯಪುಸ್ತಕದೊಳಗೆ ಕಾಲಿಡಲಿಲ್ಲ.

ಇನ್ನೊಂದು ಸಂಗತಿ ಹೇಳಲೇಬೇಕು. ಕೆಂಪು-ಹಸಿರು ಗುರುತಿಸಲಾಗದ ಬಣ್ಣಗುರುಡು ಗಂಡಸರಲ್ಲಿ ಹೆಂಗಸರಿಗಿಂತ ಎಷ್ಟೋ ಪಟ್ಟು ಹೆಚ್ಚು. ಅದಕ್ಕೆ ಕಾರಣವಾದ ದೋಷ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ನಮಗೆ ಅದು ಎರಡು, ಅವರಿಗೆ ಒಂದೇ. ಪರಮಾಣು ಸಿದ್ಧಾಂತದ ಡಾಲ್ಟನ್ ಸ್ವತಃ ಬಣ್ಣಗುರುಡನಾಗಿದ್ದು 1794ರಲ್ಲಿ ಅದರ ಮೇಲೆಯೇ ಪ್ರಬಂಧ ಮಂಡಿಸಿದ. ಬಣ್ಣ ನೋಡಿ ಹೇಳಬೇಕಾದ ಪರೀಕ್ಷೆಗೆ ಗಂಡುಮಕ್ಕಳನ್ನು ಮುಂದೆ ನಿಲ್ಲಿಸಿ ಹೆಣ್ಣುಮಕ್ಕಳನ್ನು ಹಿಂದೆ ತಳ್ಳಿದ ಜಾಣತನಕ್ಕೆ ಏನೆನ್ನೋಣ?

ಹಾಗಾದರೆ ನಮಗೆ ಕೆಲಸವಿರಲಿಲ್ಲವೇ? ಇತ್ತಲ್ಲ! ಜರ್ನಲ್ ಬರೆಯುವುದು. ಹುಡುಗಿಯರ ಅಕ್ಷರ ದುಂಡಗೆ, ಗೆರೆ ನೆಟ್ಟಗೆ. ತಂತಿ ಹಿಡಿದ ಹುಡುಗರ ಜರ್ನಲ್ಲುಗಳನ್ನೂ ಎಷ್ಟೋ ಸಲ ನಾವೇ ಬರೆದುಕೊಟ್ಟೆವು. ಪ್ರಯೋಗ, ವೀಕ್ಷಣೆ, ಅನುಮಾನ ಎಂದು ಮೂರು ಮನೆ. ನಡುವಿನ ಮನೆಯಲ್ಲಿ ಕಂಡದ್ದನ್ನು ಬರೆಯಬೇಕು. ಕಂಡೇ ಇಲ್ಲದವರು ಅದನ್ನು ತುಂಬುತ್ತಿದ್ದೆವು.

ನನ್ನ ನಿಜವಾದ ಸಿಟ್ಟು ಇರುವುದು ಈ ನಡುವಿನ ಮನೆಯ ಮೇಲೆ. ಜ್ವಾಲಾ ಪರೀಕ್ಷೆ ಬಹಳ ಹಟಮಾರಿ ಪರೀಕ್ಷೆ. ಸೋಡಿಯಂ ಇಲ್ಲದ ಜಾಗವಿಲ್ಲ. ತಂತಿಯನ್ನು ಬೆರಳಿನಿಂದ ಮುಟ್ಟಿದರೆ ಸಾಕು, ಬೆವರಿನ ಉಪ್ಪು ಹತ್ತಿ ಉರಿ ಹಳದಿಯಾಗುತ್ತದೆ. ಆ ಹಳದಿಯ ಮುಂದೆ ಪೊಟ್ಯಾಸಿಯಂನ ಬದನೆಹೂವಿನ ಬಣ್ಣ ಕಾಣುವುದೇ ಇಲ್ಲ. ಕೋಬಾಲ್ಟಿನ ನೀಲಿ ಗಾಜನ್ನು ಕಣ್ಣಿಗೆ ಅಡ್ಡ ಹಿಡಿದರೆ ಹಳದಿ ಅಲ್ಲಿಯೇ ತಡೆದು, ಅದು ಮೂಡುತ್ತದೆ. ಗಾಜಿಲ್ಲದ ಪ್ರಯೋಗಶಾಲೆಯಲ್ಲಿ ಪೊಟ್ಯಾಸಿಯಂ ಹಳದಿಯಾಗಿಯೇ ಕಂಡೀತು. ನಾನು ಸಂದಿನಿಂದಲೇ ಕೂಗಿ ಹೇಳಿದೆ. "ಸರ್, ಹಳದಿ ಕಾಣತೈತ್ರಿ." ಉತ್ತರ ಬಂತು. "ಕಾಣೋದು ಬಿಡು ತಂಗಿ, ಪುಸ್ತಕದಾಗ ಏನೈತಿ ಅದನ್ನ ಬರಿ." ಇಡೀ ವರ್ಗ ಲೈಲ್ಯಾಕ್ ಎಂದು ಬರೆಯಿತು. ಎಲ್ಲರಿಗೂ ಕೆಂಪು ಶಾಯಿಯ ಸರಿ ಗುರುತು ಬಿತ್ತು.

ಅಕ್ಕತಂಗಿಯರೇ, ಇದು ಸಣ್ಣ ಮಾತೆಂದು ತೋರಬಹುದು. ಆದರೆ ಈ ಶಿಕ್ಷಣ ನಮಗೆ ಹೊಸದೇ? ಕಂಡದ್ದನ್ನು ಕಂಡಿಲ್ಲವೆನ್ನು, ಮೈಮೇಲಿನ ಬರೆಯನ್ನು ಬಿದ್ದು ಆದ ಗಾಯವೆನ್ನು, ನಾಲ್ಕು ಮಂದಿ ಒಪ್ಪುವ ಹಾಗೆ ಹೇಳು ಎಂದು ಮನೆಯಲ್ಲಿ ಕಲಿಸುವುದು ಸಾಲದೆ, ಕಣ್ಣಿಗೆ ಕಂಡದ್ದೇ ಸಾಕ್ಷಿ ಎಂದು ಸಾರುವ ವಿಜ್ಞಾನದ ಕೋಣೆಯಲ್ಲಿಯೂ ಅದನ್ನೇ ಕಲಿಸಬೇಕೆ? ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಬುನ್ಸೆನ್ ಮತ್ತು ಕಿರ್ಕಾಫ್ ಎಂಬಿಬ್ಬರು ಉರಿಯ ಬೆಳಕನ್ನು ಪಟ್ಟಕದಲ್ಲಿ ಒಡೆದು ನೋಡುತ್ತಿದ್ದಾಗ, ಪುಸ್ತಕದಲ್ಲಿ ಇಲ್ಲದ ನೀಲಿ ಗೆರೆ ಕಂಡಿತು. ಇಲ್ಲವೆಂದು ಬಿಡಲಿಲ್ಲ. ಹೀಗೆ 1860ರಲ್ಲಿ ಸೀಸಿಯಂ, ಮರುವರ್ಷ ಕೆಂಪು ಗೆರೆಯಿಂದ ರುಬಿಡಿಯಂ ಸಿಕ್ಕವು. 1868ರ ಆಗಸ್ಟ್ 18ರ ಸೂರ್ಯಗ್ರಹಣ ನೋಡಲು ಜಾನ್ಸೆನ್ ಎಂಬ ಫ್ರೆಂಚ್ ವಿಜ್ಞಾನಿ ನಮ್ಮ ಪಕ್ಕದ ಆಂಧ್ರದ ಗುಂಟೂರಿಗೇ ಬಂದಿದ್ದ. ಆ ವರ್ಷ ಸೂರ್ಯನ ಬೆಳಕಿನಲ್ಲಿ ಒಂದು ಹಳದಿ ಗೆರೆ ಕಂಡಿತು. ಸೋಡಿಯಂ ಗೆರೆಗಳ ತೀರ ಹತ್ತಿರ, ಆದರೆ ಅದೇ ಜಾಗದಲ್ಲಲ್ಲ. ಹಳದಿ ಎಂದರೆ ಸೋಡಿಯಂ ಎಂದು ಬರೆದು ಸಹಿ ಹಾಕಿಸಿಕೊಳ್ಳಲಿಲ್ಲ ಇಂಗ್ಲೆಂಡಿನ ಲಾಕಿಯರ್. ಅದೇ ಹೀಲಿಯಂ. ಭೂಮಿಯ ಮೇಲೆ ಅದು ಕೈಗೆ ಸಿಕ್ಕದ್ದು 1895ರಲ್ಲಿ.

ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಯ ಕಥೆಯನ್ನೂ ಇಲ್ಲಿ ಹೇಳಬೇಕು. 1933ರಲ್ಲಿ ಕಮಲಾ ಭಾಗವತ್ ಎಂಬ ಹುಡುಗಿ, ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರು, ಮುಂಬಯಿಯಲ್ಲಿ ಪದವಿ ಮುಗಿಸಿ ಅಲ್ಲಿಗೆ ಅರ್ಜಿ ಹಾಕಿದರು. ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ಬೇಡವೆಂದರು. ಆಕೆ ಬಿಡಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ, ಗಂಡುಮಕ್ಕಳ ಚಿತ್ತ ಕೆಡಿಸಬಾರದೆಂಬ ಷರತ್ತಿನ ಮೇಲೆ ಸೇರಿಸಿಕೊಂಡರು. ಚಿತ್ತ ಅವರದು, ಷರತ್ತು ಈಕೆಗೆ! 1939ರಲ್ಲಿ ಆಕೆ ಕೇಂಬ್ರಿಜ್ಜಿನಿಂದ ಡಾಕ್ಟರೇಟ್ ಪಡೆದರು. 1940ರಲ್ಲಿ ಅದೇ ರಾಮನ್ ಅವರ ಪ್ರಯೋಗಶಾಲೆ ಸೇರಿದ ಅನ್ನಾ ಮಣಿ ವಜ್ರ-ಮಾಣಿಕ್ಯಗಳ ಬೆಳಕಿನ ಗೆರೆಗಳನ್ನು ವರ್ಷಗಟ್ಟಲೆ ಅಳೆದು ಐದು ಪ್ರಬಂಧ ಬರೆದರು. ಎಂ.ಎಸ್‌ಸಿ. ಇಲ್ಲವೆಂದು ಮದ್ರಾಸ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಡಲಿಲ್ಲ. ಉರಿ, ಬೆಳಕು, ಬಣ್ಣದ ಗೆರೆಯ ಕೆಲಸ ಹೆಣ್ಣುಮಕ್ಕಳಿಂದ ಆಗದೆಂಬವರು ಈ ಎರಡು ಹೆಸರುಗಳನ್ನು ಗೋಡೆಗೆ ಬರೆದುಕೊಳ್ಳಲಿ.

ಅಪಾಯವಿಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಆಮ್ಲ ಸುಡುತ್ತದೆ, ಬೇರಿಯಂ ಲವಣ ವಿಷ. ದೀಪಾವಳಿಯ ಹಸಿರು ಪಟಾಕಿಬೆಳಕೂ ಬೇರಿಯಂದೇ. 2018ರಲ್ಲಿ ಸುಪ್ರೀಂ ಕೋರ್ಟು ಪಟಾಕಿಯಲ್ಲಿ ಅದನ್ನು ಬಳಸಬಾರದೆಂದಿತು. ಅಮೆರಿಕದಲ್ಲಿ ಬಣ್ಣದ ಉರಿ ತೋರಿಸಲು ಮೆಥನಾಲ್ ಸುರಿಯಲು ಹೋಗಿ ಶಾಲಾಮಕ್ಕಳು ಸುಟ್ಟುಕೊಂಡಿದ್ದಾರೆ. ಆದರೆ ಸ್ಪಿರಿಟ್ಟು ಸುರಿಯುವುದೇ ಬೇರೆ, ತಂತಿ ಹಿಡಿಯುವುದೇ ಬೇರೆ. ಹೆರಳು ಕಟ್ಟಿ, ಓಢಣಿ ಬಿಗಿದು, ಕನ್ನಡಕ ಹಾಕಿಕೊಳ್ಳಿರೆಂದು ಹೇಳಿ ತಂತಿ ಕೊಡುವುದು ಮಾಸ್ತರರ ಕೆಲಸ. ಗೋಡೆಗೆ ನಿಲ್ಲಿಸುವುದು ಕಾಳಜಿಯೆಂದು ನಾನು ಒಪ್ಪುವುದಿಲ್ಲ.

ಕಾಳಜಿಯ ಮಾತೇ ಬಂದರೆ ಒಂದು ಕಾಲದ ವರ್ತಮಾನಪತ್ರಿಕೆಗಳನ್ನು ನೆನೆಸಿಕೊಳ್ಳಿ. "ಸ್ಟೋವ್ ಸಿಡಿದು ಗೃಹಿಣಿ ಸಾವು" ಎಂಬ ಎರಡು ಸಾಲಿನ ಸುದ್ದಿ. ಆ ಸ್ಟೋವುಗಳು ಅತ್ತೆಯ ಕೈಯಲ್ಲಿ ಸಿಡಿಯಲಿಲ್ಲ, ಮಗನ ಕೈಯಲ್ಲಿ ಸಿಡಿಯಲಿಲ್ಲ, ಹೊಸ ಸೊಸೆಯ ಕೈಯಲ್ಲಿಯೇ ಸಿಡಿದವು. ವರದಕ್ಷಿಣೆ ಸಾವಿಗೆಂದೇ 1986ರಲ್ಲಿ ಕಾನೂನಿಗೆ 304-ಬಿ ಕಲಮು ಸೇರಿಸಬೇಕಾಯಿತು. ಆಗ ಯಾರೂ "ಹಿಂದ ನಿಂದರ್ರಿ" ಎನ್ನಲಿಲ್ಲ.

ರೊಕ್ಕದ ನೆಪವೂ ಒಂದಿದೆ. ಪ್ಲಾಟಿನಂ ತುಟ್ಟಿ, ಅದಕ್ಕೇ ಒಂದೇ ತಂತಿ, ಅದೂ ಕಪಾಟಿನಲ್ಲಿ, ಕಪಾಟಿಗೆ ಕೀಲಿ. ಪ್ಲಾಟಿನಂ ಬೇಕೆಂದವರಾರು? ನಿಕ್ರೋಮ್ ತಂತಿ ನಡೆಯುತ್ತದೆ. ಕಾಯಿಲ್ ಒಲೆಯಲ್ಲಿ ಕೆಂಪಗೆ ಕಾಯುವ ಸುರುಳಿ ಅದೇ. ಅದೂ ಬೇಡವೆಂದರೆ ಲವಣದ ನೀರಿನಲ್ಲಿ ರಾತ್ರಿಯಿಡೀ ನೆನೆಸಿದ ಕಟ್ಟಿಗೆಯ ಕಡ್ಡಿ ಸಾಕು. ಸೋಡಿಯಂ ಉಪ್ಪಿನ ಡಬ್ಬಿಯಲ್ಲಿದೆ. ಕ್ಯಾಲ್ಸಿಯಂ ಅಜ್ಜಿಯ ಎಲೆ-ಅಡಿಕೆಯ ಸುಣ್ಣದಲ್ಲಿದೆ. ಕಬ್ಬಿಗೆ ಹಾಕುವ ಪೊಟ್ಯಾಷ್ ಗೊಬ್ಬರ, ದ್ರಾಕ್ಷಿಗೆ ಹೊಡೆಯುವ ಮೈಲುತುತ್ತ, ಎರಡೂ ಗೊಬ್ಬರ-ಔಷಧದ ಅಂಗಡಿಯಲ್ಲಿ ಸಿಗುತ್ತವೆ. 2016ರಿಂದ ಕೇಂದ್ರದವರು ಆಯ್ದ ಶಾಲೆಗಳಿಗೆ ಅಟಲ್ ಪ್ರಯೋಗಾಲಯವೆಂದು 20 ಲಕ್ಷ ರೂಪಾಯಿಯ ಅನುದಾನ ಕೊಡುತ್ತಿದ್ದಾರೆ. ಕೊಡಲಿ, ಬೇಡವೆನ್ನುವುದಿಲ್ಲ. ಒಂದು ಮೊಳ ತಂತಿಗೆ, ಅಂಗೈಯಗಲ ನೀಲಿ ಗಾಜಿಗೆ ರೊಕ್ಕವಿಲ್ಲವೆಂಬ ಮಾತು ಮಾತ್ರ ಬೇಡ.

ಈಗ ಎಲ್ಲವನ್ನೂ ಪರದೆಯ ಮೇಲೆ ತೋರಿಸುವ ಕಾಲ ಬಂದಿದೆ. ಪರದೆಯಲ್ಲಿ ಪೊಟ್ಯಾಸಿಯಂ ಎಂದೂ ತಪ್ಪುವುದಿಲ್ಲ. ಬೆವರಿಲ್ಲ, ಹೊಲಸಿಲ್ಲ, ಯಾರ ಹೆರಳೂ ಸುಡುವುದಿಲ್ಲ. ಹುಡುಗರೂ ಹುಡುಗಿಯರೂ ಈಗ ಒಟ್ಟಿಗೇ ಹಿಂದೆ ನಿಂತಿದ್ದಾರೆ. ಇದನ್ನೇ ಸಮಾನತೆ ಎನ್ನುವುದಾದರೆ ನನಗೆ ಬೇಡ. ನಿಮ್ಮ ಮನೆಯ ಗ್ಯಾಸ್ ಒಲೆ ಇದಕ್ಕಿಂತ ಒಳ್ಳೆಯ ಗುರು. ಉಪ್ಪು ಹಾಕಿದ ಬೇಳೆ ಉಕ್ಕಿ ಚೆಲ್ಲಿದಾಗ ನೀಲಿ ಉರಿ ಫಕ್ಕನೆ ಹಳದಿಯಾಗುತ್ತದಲ್ಲ, ಅದು ಸೋಡಿಯಂ. (ಕಟ್ಟಿಗೆಯ ಒಲೆಯ ಹಳದಿ ಬೇರೆ, ಅದು ಮಸಿಯ ಕಣಗಳು ಕಾದು ಹೊಳೆಯುವುದು.) ಮಗಳನ್ನು ಕರೆದು ತೋರಿಸಿರಿ. ಶಾಲೆಯ ಪಾಲಕರ ಸಭೆಗೆ ಹೋದಾಗ ಫಲಿತಾಂಶ ಕೇಳುವ ಮೊದಲು ಆ ಕಪಾಟಿನ ಕೀಲಿಕೈ ಯಾರ ಹತ್ತಿರವಿದೆ, ಕಡೆಯ ಸಲ ತೆಗೆದದ್ದು ಯಾವಾಗ ಎಂದು ಕೇಳಿರಿ.

ನನ್ನ ತಂಗಿಯ ಮಗಳು ಪಿ.ಯು.ಸಿ. ಎರಡನೆಯ ವರ್ಷದಲ್ಲಿದ್ದಾಳೆ. ಪ್ರಾಯೋಗಿಕ ಪರೀಕ್ಷೆಗೆ 30 ಅಂಕ. ಮೊನ್ನೆ ಜರ್ನಲ್ ತಂದು ನನ್ನ ಮುಂದೆ ಹಿಡಿದಳು. ಪೊಟ್ಯಾಸಿಯಂನ ಎದುರು ನಡುವಿನ ಮನೆಯಲ್ಲಿ ಅವಳದೇ ಅಕ್ಷರ: "ಹಳದಿ ಕಂಡಿತು. ನೀಲಿ ಗಾಜು ಇರಲಿಲ್ಲ." ಅದರ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ, ಪಕ್ಕಕ್ಕೆ ತಿದ್ದಿ ತರಲು ಆಜ್ಞೆ.

"ದೊಡ್ಡವ್ವಾ, ತಿದ್ದಲೇನು?"

"ನಿನಗ ಏನು ಕಂಡಿತ್ತು?"

"ಹಳದಿನಽ ಕಂಡಿತ್ತು."

"ಹಂಗಾದರ ತಿದ್ದಬ್ಯಾಡ. ನಾಳೆ ನಾನೂ ಬರತೀನಿ, ಗಾಜು ಕೇಳೋಣು."