51 ಬಂದರೂ ಒಂದೇ, 99 ಬಂದರೂ ಒಂದೇ



ದ್ವಿತೀಯ ಪಿಯುಸಿ ಫಲಿತಾಂಶ ಬಂದಾಗಲೆಲ್ಲ ಕರಾವಳಿಯ ಹೆಸರು ಮೇಲಿರುತ್ತದೆ. 2025ರಲ್ಲಿ ಉಡುಪಿ ಜಿಲ್ಲೆ ಶೇ 93.90 ಪಡೆದು ರಾಜ್ಯಕ್ಕೇ ಮೊದಲು ಬಂತು. ಆದರೆ ಡಾಕ್ಟರಾಗಬೇಕೆನ್ನುವ ಮಗುವಿಗೆ ಆ ಅಂಕಪಟ್ಟಿಯಿಂದ ಏನು ಉಪಯೋಗ? ವಿಜ್ಞಾನ ವಿಷಯಗಳಲ್ಲಿ ಶೇ 50 ಬಂದಿರಬೇಕು, ಮೀಸಲಾತಿಯವರಿಗೆ ಶೇ 40 ಸಾಕು. ಅದರಾಚೆ 51 ಬಂದರೂ ಒಂದೇ, 99 ಬಂದರೂ ಒಂದೇ.

ಸೀಟು ಸಿಗುವುದು ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನ 720 ಅಂಕದ ಮೇಲೆ. ಒಂದು ಮಧ್ಯಾಹ್ನ, 180 ಪ್ರಶ್ನೆ. ಸರಿಯಾದರೆ ನಾಲ್ಕು ಅಂಕ, ತಪ್ಪಿದರೆ ಒಂದು ಕಡಿತ. ಆ ದಿನ ಜ್ವರ ಬಂದರೆ ಮುಂದಿನ ವರ್ಷವೇ ಗತಿ.

ಹಲವು ವರ್ಷಗಳಿಂದ ಇದೇ ಪಾಡು. ನಮ್ಮ ಕಾರ್ಕಳದ ಬಜಗೋಳಿ, ಮಾಳದ ಮಕ್ಕಳು ಕಾಲೇಜಿಗೊಂದು ಫೀಸು, ಕೋಚಿಂಗಿಗೊಂದು ಫೀಸು ಕಟ್ಟುತ್ತಾರೆ. ಸಾಲದಿದ್ದರೆ ಇನ್ನೊಂದು ವರ್ಷ ‘ಲಾಂಗ್ ಟರ್ಮ್’ ಕೋಚಿಂಗ್. ಅಮ್ಮನ ಬಳೆ ಸೊಸೈಟಿಯಲ್ಲಿ ಅಡವು. ಮಣಿಪಾಲದಲ್ಲಿ 1953ರಿಂದ ವೈದ್ಯಕೀಯ ಕಾಲೇಜಿದೆ, ನಿಜ. ಆದರೆ 1997ರಲ್ಲಿ ಹುಟ್ಟಿದ ಉಡುಪಿ ಜಿಲ್ಲೆಗೆ ಸರ್ಕಾರಿ ವೈದ್ಯಕೀಯ ಕಾಲೇಜು ಇಲ್ಲ. ಕೆಲವೇ ಅಂಕ ಕಡಿಮೆಯಾದರೆ ಸರ್ಕಾರಿ ಶುಲ್ಕದ ಸೀಟು ಕೈತಪ್ಪುತ್ತದೆ. ಉಳಿದ ಸೀಟಿನ ಶುಲ್ಕ ಕೇಳಿದರೆ ಎದೆ ಝಲ್ಲೆನ್ನುತ್ತದೆ.

ಆ ಒಂದು ಪರೀಕ್ಷೆ ಅಳೆಯದ್ದೂ ಇದೆ. ನಮ್ಮಲ್ಲಿ ಮಳೆಗಾಲದಲ್ಲಿ ರಬ್ಬರ್ ತೋಟದ ಗೆರಟೆಗಳಲ್ಲಿ ನೀರು ನಿಂತು ಡೆಂಗಿ ಸೊಳ್ಳೆ ಮೊಟ್ಟೆಯಿಟ್ಟು ಮರಿಯಾಗುತ್ತದೆ. ಹುಡುಗಿಯೊಬ್ಬಳು ವಾರವಾರವೂ ಗೆರಟೆ ಬಗ್ಗಿಸಿ ನೋಡಿ, ಮರಿ ಎಣಿಸಿ, ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಯಾವ ಮನೆಯವರಿಗೆ ಜ್ವರ ಬಂತೆಂದು ತಾಳೆ ನೋಡಿದಳೆನ್ನಿ. ವೈದ್ಯೆಯಾಗುವವಳಿಗೆ ಬೇಕಾದ ಕಣ್ಣು ಅದೇ ಅಲ್ಲವೇ? ಸೀಟು ಹಂಚುವಾಗ ಅದಕ್ಕೆ ಸೊನ್ನೆ. ಎರಡು ವರ್ಷ ಲ್ಯಾಬಿನಲ್ಲಿ ನಿಂತು ಗಳಿಸಿದ ಪ್ರಾಯೋಗಿಕ ಅಂಕಕ್ಕೂ ಸೊನ್ನೆ. ಹೀಗಾಗಿ ಲ್ಯಾಬೆಂದರೆ ಹಾಜರಿ ಹಾಕುವ ಜಾಗವಾಗಿದೆ.

ಅಮೆರಿಕದಲ್ಲಿ ಪದವಿಯ ಅಂಕ, ಪ್ರವೇಶ ಪರೀಕ್ಷೆ, ಸಂಶೋಧನೆಯ ಅನುಭವ, ಸಂದರ್ಶನ ಎಲ್ಲವನ್ನೂ ನೋಡುತ್ತಾರಂತೆ. ಅದನ್ನೇ ಇಲ್ಲಿ ತನ್ನಿ ಎನ್ನುತ್ತಿಲ್ಲ. ತಂದರೆ ಪ್ರಾಜೆಕ್ಟ್ ಸರ್ಟಿಫಿಕೇಟ್ ಮಾರುವ ಅಂಗಡಿ ನಾಳೆಯೇ ಬಾಗಿಲು ತೆರೆಯುತ್ತದೆ, ದುಡ್ಡಿದ್ದವರೇ ಕೊಳ್ಳುತ್ತಾರೆ. ನೀಟ್ ಬಂದ ಮೇಲೆ ಕಾಲೇಜಿಗೊಂದು ಪರೀಕ್ಷೆ ಬರೆಯಲು ಮಕ್ಕಳು ಊರೂರು ಅಲೆಯುವುದು ತಪ್ಪಿದ್ದೂ ಒಳ್ಳೆಯದೇ.

ಆದರೆ ಇದೇ ರಾಜ್ಯದಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅರ್ಧ, ಪಿಯುಸಿ ಅರ್ಧ. ಯಂತ್ರ ಕಲಿಯುವವನ ಎರಡು ವರ್ಷದ ಓದು ಲೆಕ್ಕಕ್ಕೆ ಬರುತ್ತದೆ. ಮನುಷ್ಯನ ಮೈ ಮುಟ್ಟುವವಳದ್ದು ಬೇಡವೇ? ಬೋರ್ಡಿಗೊಂದು ಅಳತೆ ಎಂಬ ತಕರಾರು ಸುಳ್ಳಲ್ಲ. ಆದರೆ ಅದನ್ನು ಸರಿದೂಗಿಸುವ ಲೆಕ್ಕ ಹುಡುಕಬೇಕಾದವರು ಕುರ್ಚಿಯಲ್ಲಿ ಕೂತವರು, ನಮ್ಮ ಮಕ್ಕಳಲ್ಲ.

ಕೇಳಿದರೆ ರಾಜ್ಯದವರು ದಿಲ್ಲಿಯತ್ತ ಕೈ ತೋರಿಸುತ್ತಾರೆ. ದಿಲ್ಲಿಗೆ ಬರೆದರೆ ಸ್ವೀಕೃತಿ ಸಂಖ್ಯೆ ಬರುತ್ತದೆ, ಉತ್ತರ ಬರುವುದಿಲ್ಲ. ಅಷ್ಟರಲ್ಲಿ ಒಂದು ಬ್ಯಾಚು ಮುಗಿದು ಇನ್ನೊಂದು ಬ್ಯಾಚು ಬಂದಿರುತ್ತದೆ. ಇಲ್ಲ ಎನ್ನುವುದಿದ್ದರೆ ಕಾರಣ ಕೊಟ್ಟು ಇಲ್ಲ ಎನ್ನಿ.

ಪಿಯುಸಿಯ ಅಂಕಕ್ಕೆ, ಅದರಲ್ಲೂ ಪ್ರಾಯೋಗಿಕಕ್ಕೆ, ರ‍್ಯಾಂಕಿನಲ್ಲಿ ಕಾಲುಭಾಗವಾದರೂ ಕೊಡಿ. ಪ್ರಾಯೋಗಿಕ ಪರೀಕ್ಷೆಯನ್ನು ಹೊರಗಿನವರಿಂದಲೇ ನಡೆಸಿ. ಮುಂದಿನ ಅರ್ಜಿ ಕರೆಯುವ ಮೊದಲೇ ತೀರ್ಮಾನ ತಿಳಿಸಿ.

ಇಂತಿ,
ಕಾರ್ಕಳದ ಪೋಷಕರೊಬ್ಬರು