ಪಪ್ಪಾಯಿಯ ಪಾಠದಲ್ಲಿ ಬಂದ ಒಂದು ಪ್ರಶ್ನೆ

ಗಂಡು ಗಿಡ, ಹೆಣ್ಣು ಗಿಡ ಬೇರೆಬೇರೆಯಾಗಿರುವುದಕ್ಕೆ ನಾನು ಪ್ರತಿವರ್ಷವೂ ಪಪ್ಪಾಯಿಯ ಉದಾಹರಣೆಯನ್ನೇ ಕೊಡುತ್ತಿದ್ದೆ; ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಒಮ್ಮೆ ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಗಾಂಜಾ ಗಿಡವೂ ಹಾಗೇನಾ ಸಾರ್?" ಎಂದ. ತರಗತಿಯೆಲ್ಲ ನಕ್ಕಿತು. ನಾನು ಗದರಿಸಿ ಕೂರಿಸಿದೆ.

ಅವನು ಕೇಳಿದ್ದು ಸರಿಯಾಗಿಯೇ ಇತ್ತು. ಆ ಗಿಡದಲ್ಲಿಯೂ ಸಾಮಾನ್ಯವಾಗಿ ಗಂಡು, ಹೆಣ್ಣು ಬೇರೆ. ಪರಾಗವನ್ನು ಗಾಳಿ ಒಯ್ಯುತ್ತದೆ. ಅಮಲಿನ ಅಂಶ ಹೆಚ್ಚಾಗಿರುವುದು ಹೆಣ್ಣು ಗಿಡದ ಹೂಗೊಂಚಲಿನ ಅಂಟಿನಲ್ಲಿ. ಅಂಟನ್ನು ಬೇರ್ಪಡಿಸಿದರೆ ಚರಸ್, ಹೂಗೊಂಚಲು ಗಾಂಜಾ, ಎಲೆಯನ್ನು ಅರೆದರೆ ಭಂಗಿ. 1985ರ ಮಾದಕ ದ್ರವ್ಯಗಳ ಕಾಯಿದೆಯೂ ಈ ಭೇದವನ್ನು ಒಪ್ಪಿ, ಹೂಗೊಂಚಲಿಲ್ಲದ ಬರಿಯ ಎಲೆಯನ್ನೂ ಬೀಜವನ್ನೂ ಗಾಂಜಾ ಎಂಬ ವ್ಯಾಖ್ಯೆಯಿಂದ ಹೊರಗಿಟ್ಟಿದೆ.

ಬೇಸಾಯದ ವಿಷಯದಲ್ಲಿ ಮಾತ್ರ ಅದು ಈ ವಿವೇಕವನ್ನು ಮರೆತಿದೆ ಎಂಬುದು ನನ್ನ ಅಭಿಪ್ರಾಯ. 1 ಕಿಲೋವರೆಗಿನ ಗಾಂಜಾ 'ಅಲ್ಪ ಪ್ರಮಾಣ'. ಇಟ್ಟುಕೊಂಡವನಿಗೆ ಹೆಚ್ಚೆಂದರೆ 1 ವರ್ಷದ ಸೆರೆ. ಮೆಕ್ಕೆಜೋಳದ ಸಾಲಿನ ನಡುವೆ ಗಿಡ ಬೆಳೆಸಿದ ರೈತನಿಗಾದರೋ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಗಿಡ ಎರಡಿರಲಿ, ಇನ್ನೂರಿರಲಿ, ಗರಿಷ್ಠ ಮಿತಿ ಒಂದೇ! ನ್ಯಾಯಾಧೀಶರು ಕಡಿಮೆ ವಿಧಿಸಬಹುದು, ನಿಜ. ಅಷ್ಟರಲ್ಲಿ ವಕೀಲರ ಖರ್ಚಿಗೆಂದು ಹೊಲ ಅಡವಿಗೆ ಬಿದ್ದಿರುತ್ತದೆ.

ಮೇಷ್ಟ್ರು ಗಾಂಜಾದ ಪರ ವಕಾಲತ್ತು ವಹಿಸಿದರೆಂದು ಯಾರೂ ಭಾವಿಸಬೇಡಿ. ಇಪ್ಪತ್ತೈದರ ಆಸುಪಾಸಿನವರೆಗೂ ಮಿದುಳು ಬಲಿಯುತ್ತಲೇ ಇರುತ್ತದೆ. ಹದಿವಯಸ್ಸಿನಲ್ಲಿಯೇ ಮೇಲಿಂದ ಮೇಲೆ ಸೇದುವವರಿಗೆ ನೆನಪು, ಏಕಾಗ್ರತೆ ಕುಂದುತ್ತವೆ. ಕೆಲವರಲ್ಲಿ ಚಿತ್ತವಿಕಾರದ ಅಪಾಯವೂ ಹೆಚ್ಚುತ್ತದೆ.

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿದ್ದ. ಹೆಸರು, ಊರು ಬೇಡ. ಕಾಲೇಜಿನಲ್ಲಿರುವ ಮಗ ಈ ಚಟಕ್ಕೆ ಬಿದ್ದು ಎರಡು ವರ್ಷವಾಗಿದೆ. ಆಸ್ಪತ್ರೆಗೆ ಕರೆದೊಯ್ದರೆ ಪೊಲೀಸರಿಗೆ ತಿಳಿಯುತ್ತದೆಂಬ ಹೆದರಿಕೆಯಿಂದ ಗಂಡ ಹೆಂಡಿರಿಬ್ಬರೂ ಯಾರಿಗೂ ಹೇಳದೆ ಕುಳಿತಿದ್ದರು. ಅದೇ ಕಾಯಿದೆಯಲ್ಲಿ 64ಎ ಎಂಬ ಕಲಮೊಂದಿದೆ: ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ಸ್ವಇಚ್ಛೆಯಿಂದ ಸರಕಾರಿ ಅಥವಾ ಮಾನ್ಯತೆಯುಳ್ಳ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಆ ಮೊಕದ್ದಮೆ ನಡೆಯುವಂತಿಲ್ಲ, ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಆ ರಕ್ಷಣೆ ತಪ್ಪಬಹುದು. ಮೊಕದ್ದಮೆಯಿದ್ದವನಿಗೇ ಈ ದಾರಿಯಿರುವಾಗ ಇವನ ಮೇಲೆ ದೂರೇ ಇಲ್ಲ. ಇದನ್ನು ಹೇಳಿದಾಗ ಆತ ಬಹಳ ಹೊತ್ತು ಮಾತಾಡಲಿಲ್ಲ. ಸೋಮವಾರ ಹೊರಟಾಗ ನನ್ನನ್ನೂ ಜೊತೆಗೆ ಕರೆದ, ಹೋಗಿದ್ದೆ.